ಪಿತಿಯಾನ ಪಾಲು

ಆ ಮನೆಯಲ್ಲಿ ಉಣ್ಣುವವರು ನಾಲ್ಕು ಜನ, ಬಟ್ಟಲು ಮಾತ್ರ ಐದು. ಐದನೆಯ ಬಟ್ಟಲಿಗೆ ಸುಕೇಜಿ ದಿನವೂ ರಾತ್ರಿ ಒಂದು ತುಂಡು ಮುದ್ದೆ, ಮೇಲಿಷ್ಟು ಸೊಪ್ಪಿನ ಸಾರು ಹಾಕಿ, ತಟ್ಟೆ ಮುಚ್ಚಿ, ಒಳಗೋಡೆಯ ಗೂಡಿನಲ್ಲಿ ಇಡಬೇಕು. ಅದು ಅವಳ ಗಂಡ ಪಿತಿಯಾನ ಪಾಲು. ಪಿತಿಯಾ ಬಂದು ಉಂಡು ಆರು ವರ್ಷವಾಗಿತ್ತು. ಬೆಳಗಾದರೆ ಆ ತಣ್ಣನೆಯ ಮುದ್ದೆ ಕಿರಿಮಗ ತೊಂಬೆಯ ಹೊಟ್ಟೆ ಸೇರುತ್ತಿತ್ತು. ಅಪ್ಪ ಬಂದರೆ ತನ್ನ ಬೆಳಗಿನ ತಿಂಡಿ ತಪ್ಪುತ್ತದಲ್ಲ ಎಂದು ಅವನು ಒಮ್ಮೆ ಜೋರಾಗಿಯೇ ಯೋಚಿಸಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದಿದ್ದ.

ತಮ್ಮ ಊರು ಕಾಜೊ-ಕೇಜಿಯಲ್ಲಿ ಗುಂಡಿನ ಸದ್ದು ಹತ್ತಿರವಾದಾಗ ಪಿತಿಯಾ ತಾಯಿಯನ್ನೂ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಗಡಿಯವರೆಗೆ ಕರೆತಂದು ಬಿಟ್ಟ. ಆಮೇಲೆ, ಹಿಂದೆ ಉಳಿದ ಮೇಕೆಗಳನ್ನು ಹೊಡೆದುಕೊಂಡು ಬರುತ್ತೇನೆಂದು ಸೈಕಲ್ ತಿರುಗಿಸಿದ. "ನಾಳೆ ಸಂಜೆಗೆ ಬರ್ತೀನಿ, ಊಟ ತೆಗೆದಿಡಿ" ಎಂದಿದ್ದ. ಅವನ ತಾಯಿ ಜೊಕುದು ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಗಡಿಯಾಚೆ, ಬಿದಿಬಿದಿಯ ನಿರಾಶ್ರಿತರ ಶಿಬಿರದಲ್ಲಿ ಟಾರ್ಪಾಲಿನ ಕೆಳಗೆ ಮೂರು ಕಲ್ಲು ಹೂಡಿ ಮೊದಲ ಅಡುಗೆ ಮಾಡಿದ ದಿನವೇ ಮಗನ ಪಾಲು ತೆಗೆದಿಡಿಸಿದಳು. ಟಾರ್ಪಾಲು ಹೋಗಿ ಮಣ್ಣಿನ ಗೋಡೆ ಎದ್ದಿತು, ಹುಲ್ಲಿನ ಸೂರು ಬಂತು, ಅಂಗಳದ ಮಾವಿನ ಗಿಡ ಕಾಯಿ ಬಿಟ್ಟಿತು. ಬಟ್ಟಲು ಮಾತ್ರ ನಿಲ್ಲಲಿಲ್ಲ.

ಮನೆಮನೆಗೆ ಕೊಡುವ ಪಡಿ ಮತ್ತೆ ಕಡಿಮೆಯಾದ ತಿಂಗಳು ಸುಕೇಜಿಗೆ ಮಾತು ತಡೆಯಲಾಗಲಿಲ್ಲ. ಹಿಟ್ಟಿನ ಡಬ್ಬಿಯ ತಳ ಕಾಣುತ್ತಿತ್ತು. ಅವಳು ಹಾಸುಬಟ್ಟೆಗಳಿಗೆ ಕಸೂತಿ ಹಾಕಿ ಮಾರಿ ತರುತ್ತಿದ್ದ ದುಡ್ಡು ಎಣ್ಣೆಗೂ ಉಪ್ಪಿಗೂ ಸಾಲುತ್ತಿರಲಿಲ್ಲ.

"ಅತ್ತೆ, ಇನ್ಮೇಲೆ ಆ ಬಟ್ಟಲಿಗೆ ಸ್ವಲ್ಪ ಕಮ್ಮಿ ಹಾಕ್ತೀನಿ" ಎಂದಳು.

"ಅವನು ಗಂಡಸು. ಅಷ್ಟು ದೂರದಿಂದ ಮೇಕೆ ಹೊಡ್ಕೊಂಡು ಬರ್ತಾನೆ. ಹಸಿದಿರ್ತಾನೆ."

"ಆರು ವರ್ಷದಿಂದ ನಡೀತಾನೇ ಇದ್ದಾರಾ?"

"ಮೇಕೆ ನಿಧಾನ" ಎಂದಳು ಮುದುಕಿ, ತನ್ನ ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಾ.

ಮಗಳು ಕಿದೆನ್‌ಗೆ ನಗು ಬಂದು ಸಾರು ನೆತ್ತಿಗೇರಿತು. ಸುಕೇಜಿ ನಗಲಿಲ್ಲ. ಅತ್ತೆಯ ಪಾಲಿಗೆ ಕೈಹಾಕುವಂತಿಲ್ಲ, ಮಕ್ಕಳು ಬೆಳೆಯುವವರು. ಎಂದಿನ ಹಾಗೆ ತನ್ನ ಮುದ್ದೆಯಿಂದಲೇ ಮುರಿದು ಐದನೆಯ ಬಟ್ಟಲಿಗೆ ಹಾಕಿ ಗೂಡಿನಲ್ಲಿಟ್ಟಳು.

ಅವಳ ಸಂಕಟ ಒಂದು ತುಂಡು ಮುದ್ದೆಯದಲ್ಲ. ಅವಳು ಇತ್ತ ಹೆಂಡತಿಯೂ ಅಲ್ಲ, ಅತ್ತ ವಿಧವೆಯೂ ಅಲ್ಲ. ಭಾನುವಾರ ಪ್ರಾರ್ಥನೆಯಲ್ಲಿ ಪಾದ್ರಿ ಸತ್ತವರ ಹೆಸರು ಓದುವಾಗ ಅಕ್ಕಪಕ್ಕದ ಹೆಂಗಸರು ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇವಳು ಸುಮ್ಮನೆ ಮುಂದೆ ನೋಡುತ್ತಾ ಕೂರಬೇಕಿತ್ತು. ದೂರದಲ್ಲಿ ಸತ್ತವನಿಗಾಗಿ ಡೋಲು ಬಾರಿಸಿ, ನಾಲ್ಕು ಜನ ಕೂತು ಅಳಬೇಕಾದರೆ ಮೊದಲು ಹೆತ್ತವಳ ಬಾಯಿಂದ ಮಾತು ಬರಬೇಕು. ಜೊಕುದು ಆ ಮಾತು ಆಡುವವಳಲ್ಲ. ಮೊದಲ ವರ್ಷ ಸುಕೇಜಿ ಅತ್ತಾಗ, "ಬದುಕಿರೋನ ಹೆಸರು ಹಿಡಿದು ಅತ್ರೆ ಅವನಿಗೆ ದಾರಿ ತಪ್ಪುತ್ತೆ" ಎಂದು ಬಾಯಿ ಮುಚ್ಚಿಸಿದ್ದಳು. ಆಮೇಲೆ ಸುಕೇಜಿ ಹಸಿ ಸೌದೆ ಒಟ್ಟಿ, ಹೊಗೆಯ ನೆಪದಲ್ಲಿ ಅಳುವುದನ್ನು ಕಲಿತಳು.

ಆ ಬೇಸಿಗೆಯಲ್ಲಿ ಕಂಪಾಲದ ಕಾಲೇಜೊಂದರಿಂದ ಸಿನಿಮಾ ಕಲಿಯುವ ಹುಡುಗ ಹುಡುಗಿಯರು ಶಿಬಿರಕ್ಕೆ ಬಂದು ಶಾಲೆಯ ಕೋಣೆಗಳಲ್ಲಿ ಉಳಿದರು. ಅವರ ಪೈಕಿ ನಂಬೋಜೊ ಎಂಬ ಎತ್ತರದ ಹುಡುಗಿ ಸುಕೇಜಿಯ ಬೀದಿಯವರ ಪಾಲಿಗೆ ಬಂದಳು. ಅವಳು ಹೇಳಿದ್ದು ಜನರಿಗೆ ವಿಚಿತ್ರವೆನಿಸಿತು. ಕ್ಯಾಮೆರಾ ಹಿಡಿಯುವವರು ತಾವಲ್ಲ, ನೀವು. ಯಾವ ಕತೆ, ಯಾರು ಮಾಡಬೇಕು, ಕೊನೆಗೆ ಏನಾಗಬೇಕು, ಎಲ್ಲವನ್ನೂ ನೀವೇ ಕೂತು ತೀರ್ಮಾನ ಮಾಡಬೇಕು. ಅಂದಂದು ತೆಗೆದದ್ದನ್ನು ಅಂದೇ ಸಂಜೆ ಎಲ್ಲರಿಗೂ ತೋರಿಸುತ್ತೇವೆ, ನನ್ನದು ಬೇಡ ಎಂದವರದನ್ನು ತೆಗೆದುಹಾಕುತ್ತೇವೆ. ಇಷ್ಟು ವರ್ಷದಲ್ಲಿ ಕ್ಯಾಮೆರಾ ಹಿಡಿದು ಬಂದವರು ಬಹಳ. ಬಂದ ಹಾಗೇ ಹೋಗಿದ್ದರು, ತೆಗೆದದ್ದನ್ನು ಯಾರೂ ತೋರಿಸಿರಲಿಲ್ಲ.

ಶಾಲೆ ಮುಗಿಸಿ ಮನೆಯಲ್ಲಿದ್ದ ಕಿದೆನ್ ಮೊದಲ ದಿನವೇ ಸೇರಿಕೊಂಡಳು. ನೀರು ತರುವುದು, ಸೌದೆ ಆಯುವುದು ಎರಡೂ ಅಮ್ಮನ ತಲೆಗೆ ಬಂತು. ಸುಕೇಜಿ ಬೈದಳು, ಆದರೆ ತಡೆಯಲಿಲ್ಲ. ಮಗಳ ಮುಖದಲ್ಲಿ ಅಷ್ಟು ಬೆಳಕು ಅವಳು ನೋಡಿ ಬಹಳ ದಿನವಾಗಿತ್ತು.

ವಿದ್ಯಾರ್ಥಿಗಳು ತಂದಿದ್ದ ಪರದೆ ಗಾಳಿಗೆ ಹರಿದುಹೋದಾಗ ಕಿದೆನ್ ಕೇಳದೆ ಮಾಡದೆ ಅಮ್ಮ ಮಾರಾಟಕ್ಕೆಂದು ಕಸೂತಿ ಹಾಕಿಟ್ಟಿದ್ದ ಮಿಲಾಯವನ್ನು ಒಯ್ದು ಎರಡು ಗಳುಗಳ ನಡುವೆ ಕಟ್ಟಿಬಿಟ್ಟಳು. ದೊಡ್ಡ ಬಿಳಿಯ ಹಾಸುಬಟ್ಟೆ, ನಾಲ್ಕೂ ಅಂಚಿಗೆ ಕೆಂಪು ಹಸಿರು ಹಕ್ಕಿಗಳು. ಸುಕೇಜಿ ಅಟ್ಟಿಸಿಕೊಂಡು ಬರುವ ಹೊತ್ತಿಗೆ ಬಟ್ಟೆಯ ಮೇಲೆ ಅವಳ ಅತ್ತೆ ಕಾಣಿಸಿಕೊಂಡು, ಹಕ್ಕಿಗಳ ನಡುವೆ ನಿಂತು ಕೋಳಿಯನ್ನು ಬೈಯುತ್ತಿದ್ದಳು. ಜನ ಬಿದ್ದು ಬಿದ್ದು ನಕ್ಕರು. ಜೊಕುದು ನಗಲಿಲ್ಲ. ತನ್ನನ್ನೇ ಬಹಳ ಹೊತ್ತು ನೋಡಿ, "ನನ್ನ ಸೊಂಟ ಇಷ್ಟು ಬಾಗಿದೆ ಅಂತ ನಿಮಗ್ಯಾರಿಗೂ ಹೇಳಕ್ಕೆ ಬಾಯಿರಲಿಲ್ವಾ" ಎಂದಳು. ಮಾರನೆಯ ದಿನದಿಂದ ಕೋಲು ಹಿಡಿದು ನೆಟ್ಟಗೆ ನಡೆಯತೊಡಗಿದಳು. ಮಿಲಾಯವನ್ನು ತಾನೇ ತೊಳೆದುಕೊಡುವುದಾಗಿ ನಂಬೋಜೊ ಮಾತು ಕೊಟ್ಟಮೇಲೆ ಸುಕೇಜಿಯೂ ಸುಮ್ಮನಾದಳು.

ಕತೆ ಆರಿಸುವ ದಿನ ಬಂತು. ಎಲ್ಲರೂ ಇದ್ದಿಲಿನಲ್ಲಿ ತಮ್ಮ ತಮ್ಮ ಕತೆಯ ಚಿತ್ರ ಬರೆದು ಮರದ ಕೆಳಗೆ ಹರವಿದರು. ಹಿಡಿಸಿದ ಚಿತ್ರದ ಮೇಲೆ ಮೆಕ್ಕೆಜೋಳದ ಕಾಳು ಇಡಬೇಕು. ಕಿದೆನ್ ಬರೆದದ್ದು ಒಬ್ಬ ಮನುಷ್ಯ, ಒಂದು ಸೈಕಲ್, ದೂರದಲ್ಲಿ ಮೇಕೆಗಳು. ಮನುಷ್ಯನ ಬೆನ್ನು ಮಾತ್ರ ಕಾಣುತ್ತಿತ್ತು. ಕಾಳು ಅದರ ಮೇಲೆಯೇ ಗುಡ್ಡೆಯಾಯಿತು. ಹಾಗೆ ಬೆನ್ನು ತೋರಿಸಿ ಹೋದವನೊಬ್ಬ ಇಲ್ಲದ ಮನೆ ಅಲ್ಲಿ ಯಾವುದಿತ್ತು!

ಕಿದೆನ್ ಮನೆಗೆ ಬರುವ ಮೊದಲೇ ಸುದ್ದಿ ನಲ್ಲಿಯ ಹತ್ತಿರ ಅಜ್ಜಿಯ ಕಿವಿಗೆ ಬಿದ್ದಿತ್ತು. ಊಟಕ್ಕೆ ಕೂತಾಗ ಜೊಕುದು ಮುದ್ದೆ ಮುಟ್ಟಲಿಲ್ಲ.

"ನಮ್ಮನೆ ಕತೇನ ಊರಿಗೆಲ್ಲ ಹಂಚಿದ್ಯಂತೆ."

"ನಮ್ಮನೇದು ಅಂತ ನಾನು ಹೇಳಿಲ್ಲ ಅಜ್ಜಿ. ಎಲ್ಲರ ಮನೇಲೂ ಆಗಿದ್ದೇ."

"ಎಲ್ಲರ ಮನೇಲೂ ಮೇಕೆ ಇತ್ತಾ?"

ಮುದುಕಿ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಆಯ್ತು. ಕೊನೇಲಿ ಅವನು ಬರ್ತಾನೆ ತಾನೆ?"

ಕಿದೆನ್ ಅಮ್ಮನ ಮುಖ ನೋಡಿದಳು. ಅಮ್ಮ ಒಲೆಯ ಬೂದಿ ಕೆದಕುತ್ತಿದ್ದಳು. "ಬರ್ತಾನೆ" ಎಂದಳು ಹುಡುಗಿ.

"ಮೇಕೆ ಸಮೇತ ಬರ್ಲಿ. ಅವನ ತಾಯಿ ಪಾರ್ಟು ಬೇರೆ ಯಾರೂ ಮಾಡೋದು ಬೇಡ. ನಾನೇ ಮಾಡ್ತೀನಿ. ಅವನಿಗೆ ಹೇಗೆ ಬೈಬೇಕು ಅಂತ ನಂಗೊಬ್ಬಳಿಗೇ ಗೊತ್ತು."

ಹಾಗಾಗಿ ಮೊದಲು ತೆಗೆದದ್ದು ಕತೆಯ ಕೊನೆಯನ್ನೇ. ಸೈಕಲ್ ರಿಪೇರಿ ಮಾಡುವ ದೂಕು, ಮಗನಾಗಿ, ಎರವಲು ತಂದ ನಾಲ್ಕು ಮೇಕೆಗಳನ್ನು ಹೊಡೆದುಕೊಂಡು ಸುಕೇಜಿಯ ಅಂಗಳಕ್ಕೆ ಬಂದ. ನಂಬೋಜೊ ಮುದುಕಿಗೆ, ಎರಡು ಮಾತು ಆಡಿದರೆ ಸಾಕು ಎಂದಿದ್ದಳು. ಜೊಕುದು ಆರು ವರ್ಷ ಕೂಡಿಟ್ಟಿದ್ದನ್ನೆಲ್ಲ ಹೊರಗೆ ಹಾಕಿದಳು. ನಾಳೆ ಅಂದೋನು ಇವತ್ತು ಬರ್ತಿದ್ದೀಯಾ, ನಿನ್ನ ಮಗ ನಿನ್ನ ಗುರುತು ಹಿಡಿಯಲ್ಲ ಈಗ, ನಿನ್ನ ಮಗಳಿಗೆ ವರ ಹುಡುಕೋರು ಯಾರು, ನಿನ್ನ ಹೆಂಡತಿ ಮಂಡಿ ನೋವಲ್ಲೂ ನೀರು ಹೊರ್ತಾಳೆ, ನಾಲ್ಕು ಮೇಕೆಗೋಸ್ಕರ ನನ್ನ ಹೊಟ್ಟೆಗೆ ಬೆಂಕಿ ಇಟ್ಟೋನೆ, ಎಂದು ಕೋಲೆತ್ತಿ ಅಂಗಳದ ಸುತ್ತ ಅಟ್ಟಿಸಿಕೊಂಡು ಹೋದಳು. ಮೇಕೆಗಳು ಚೆಲ್ಲಾಪಿಲ್ಲಿಯಾದವು. ನೋಡುತ್ತಿದ್ದವರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಬೈದು ಬೈದು ಉಸಿರು ಹತ್ತಿದ ಮೇಲೆ ಅವಳು ಗೂಡಿನಿಂದ ಬಟ್ಟಲು ತಂದು ದೂಕುವಿನ ಮುಂದೆ ಇಟ್ಟಳು. "ತಣ್ಣಗಾಗಿದೆ. ತಿನ್ನು" ಎಂದಳು. ದೂಕು ತಲೆ ತಗ್ಗಿಸಿ ತುತ್ತು ಮುರಿದ. ನಿಲ್ಲಿಸಿ ಎಂದು ಹೇಳುವುದನ್ನೇ ಕಿದೆನ್ ಮರೆತಿದ್ದಳು.

ಆದರೆ ಮಾರನೆಯ ದಿನ ಮರದ ಕೆಳಗೆ ಮಾತು ಬೇರೆ ಕಡೆ ತಿರುಗಿತು. ಮಗ ಬಂದುಬಿಟ್ಟರೆ ಅದು ನಮ್ಮ ಕತೆ ಹೇಗಾಗುತ್ತದೆ ಎಂದು ಒಬ್ಬ ಹೆಂಗಸು ಕೇಳಿದಳು. ಇಲ್ಲಿ ಯಾರ ಮನೆಗೆ ಯಾರು ಬಂದಿದ್ದಾರೆ ಹೇಳಿ ಎಂದಳು. ಕೆಲವರು ಮುದುಕಿಯ ಪಕ್ಷ ವಹಿಸಿದರು, ಹೆಚ್ಚಿನವರು ಆ ಹೆಂಗಸಿನ ಮಾತಿಗೆ ತಲೆಯಾಡಿಸಿದರು. ನಂಬೋಜೊ ತನಗೆ ಬಾಯಿ ಹಾಕುವ ಹಕ್ಕಿಲ್ಲವೆಂದು ತುಟಿ ಕಚ್ಚಿ ಕೂತಿದ್ದಳು. ಕೊನೆಗೆ, ಮುದುಕಿಯದು ಕನಸಾಗಿ ಇರಲಿ, ಕತೆ ಮುಗಿಯುವುದು ಸಾವಿನ ಡೋಲಿನಿಂದಲೇ ಎಂದು ತೀರ್ಮಾನವಾಯಿತು. ಹೆಂಡತಿಯಾಗಿ ಕೂರುವವರು ಯಾರು ಎಂದಾಗ ಎಲ್ಲ ಹೆಂಗಸರೂ ನೆಲ ನೋಡಿದರು. ಗಂಡ ಬದುಕಿರುವಾಗ ವಿಧವೆಯಾಗಿ ಕೂರಲು ಯಾರು ಒಪ್ಪುತ್ತಾರೆ?

"ನಾನು ಕೂರ್ತೀನಿ" ಎಂದಳು ಸುಕೇಜಿ. ತಲೆಯ ಮೇಲೆ ನೀರಿನ ಕ್ಯಾನ್ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದವಳು ನಿಂತುಬಿಟ್ಟಿದ್ದಳು.

ಮನೆಯ ದಾರಿಯಲ್ಲಿ ಕಿದೆನ್ ಅಮ್ಮನ ಹಿಂದೆ ಓಡಿದಳು. "ಅಮ್ಮಾ, ಅಜ್ಜಿಗೆ ಗೊತ್ತಾದ್ರೆ?"

"ಗೊತ್ತಾಗದ ಹಾಗೆ ಮಾಡು."

"ನಿಂಗ್ಯಾಕಮ್ಮ ಇದೆಲ್ಲ? ಬೇರೆ ಯಾರಾದ್ರೂ ಸಿಗ್ತಾರೆ."

ಸುಕೇಜಿ ಕ್ಯಾನ್ ಇಳಿಸಿ ಮಗಳ ಕಡೆ ತಿರುಗಿದಳು. "ನಂಗೆ ಒಂದೇ ಒಂದು ಸಲ ಅಳಬೇಕು ಕಿದೆನ್. ಹೊಗೆ ಇಲ್ದೆ."

ಕಿದೆನ್ ಕ್ಯಾನ್ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು.

ಹಳ್ಳದ ಆಚೆ ಡೋಲಿನ ಮುದುಕ ಲೊಮೊರೊನ ಅಂಗಳವನ್ನು ಗೊತ್ತುಮಾಡಿದರು. ಅಲ್ಲಾದರೆ ಅಜ್ಜಿಯ ಕಣ್ಣಿಗೆ ಬೀಳುವುದಿಲ್ಲ. ಲೊಮೊರೊ ಊರು ಬಿಡುವಾಗ ಹಾಸಿಗೆ, ಪಾತ್ರೆ ಎಲ್ಲ ಬಿಟ್ಟು ಡೋಲೊಂದನ್ನೇ ಹೊತ್ತು ತಂದವನು. ಅವನ ಹೆಂಡತಿ ಅದನ್ನು ಇಂದಿಗೂ ಆಡಿ ತೋರಿಸುತ್ತಿದ್ದಳು. ಮೆಲ್ಲಗೆ ಬಾರಿಸಿದರೆ ಸಾಕು ತಾತ ಎಂದು ನಂಬೋಜೊ ಹೇಳಿದ್ದಕ್ಕೆ ಅವನು ಗೋಣು ಹಾಕಿದ. ಮೂರು ಕಲ್ಲಿನ ಮೇಲೆ ದೊಡ್ಡ ಪಾತ್ರೆ ಏರಿಸಿ ಬೆಂಕಿ ಹಾಕಿದರು. ಸುಕೇಜಿ ಅತ್ತೆಗೆ ಗಿರಣಿಗೆ ಹೋಗುತ್ತೇನೆಂದು ಹೇಳಿ ಬಂದು, ತಲೆವಸ್ತ್ರ ಬಿಚ್ಚಿ, ಕಾಲು ಚಾಚಿ ಬರಿನೆಲದ ಮೇಲೆ ಕೂತಳು. ಬೀದಿಯ ಹೆಂಗಸರು ಸುತ್ತ ಕೂತರು. ಕಿದೆನ್ ಕ್ಯಾಮೆರಾದ ಹಿಂದೆ ನಿಂತಳು.

ಲೊಮೊರೊ ಮೆಲ್ಲಗೇ ಶುರು ಮಾಡಿದ. ಮೊದಲ ಪೆಟ್ಟಿಗೆ ಸುಕೇಜಿಯ ಭುಜ ಅಲುಗಿತು. ಆಮೇಲೆ ಅವಳ ಬಾಯಿಂದ ಬಂದ ಸ್ವರವನ್ನು ಮಗಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. "ನನ್ನನ್ನ ಗಡಿಯಲ್ಲಿ ನಿಲ್ಲಿಸಿ ಹೋದೆಯಲ್ಲೋ" ಎಂದು ಅವಳು ನೆಲ ಬಡಿದು ಅತ್ತಳು. ಅದು ಸಿನಿಮಾದ ಅಳುವಲ್ಲವೆಂದು ಲೊಮೊರೊಗೆ ತಿಳಿಯಿತು. ಅವನ ಕೈ ಅವನ ಮಾತು ಕೇಳಲಿಲ್ಲ. ಡೋಲು ಊರಿನಲ್ಲಿ ಬಾರಿಸುತ್ತಿದ್ದ ಹಾಗೇ ಪೂರ್ತಿ ದನಿ ತೆಗೆದು ಹಳ್ಳ ದಾಟಿ, ಹೊಲ ದಾಟಿ, ಆಚೆಯ ದಿಬ್ಬಗಳವರೆಗೂ ಹೋಯಿತು.

ಮೊದಲು ಬಂದವಳು ಸೌದೆ ಹೊತ್ತ ಒಬ್ಬ ಹೆಂಗಸು. ಹೊರೆ ಇಳಿಸಿ, ಅಳುತ್ತಾ ಕೂತಳು. ಆಮೇಲೆ ನೀರಿನ ಕ್ಯಾನ್ ಹೊತ್ತವರು, ಹಿಟ್ಟು ತಂದವರು, ಕೋಳಿಯ ಕಾಲು ಕಟ್ಟಿ ಹಿಡಿದವನೊಬ್ಬ, ಟೋಪಿ ತೆಗೆದು ಬೇಲಿಯ ಹತ್ತಿರ ನಿಂತ ಗಂಡಸರು. ಎಷ್ಟು ಜನರನ್ನ ಒಪ್ಪಿಸಿದ್ದೀರಿ ಎಂದು ನಂಬೋಜೊ ಖುಷಿಯಿಂದ ಪಿಸುಗುಟ್ಟಿದಳು. ಕಿದೆನ್ ಕ್ಯಾಮೆರಾದಿಂದ ತಲೆ ಎತ್ತಿ ನೋಡಿದಳು. ಇವರಲ್ಲಿ ಯಾರನ್ನೂ ಯಾರೂ ಕರೆದಿರಲಿಲ್ಲ. ಬೀದಿಯವರಿಗೆಲ್ಲ ಸಿನಿಮಾದ ವಿಷಯ ಗೊತ್ತು, ದಿಬ್ಬದ ಆಚೆಯವರಿಗೆ ಹೇಗೆ ಗೊತ್ತಾಗಬೇಕು? ಆ ಡೋಲು ಕೇಳಿದವರು ಯಾರಿಗೆ ಏನಾಯಿತೆಂದು ಕೇಳುತ್ತಾ ನಿಲ್ಲುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡುತ್ತಾರೆ, ಬಂದಮೇಲೆ ಕೇಳುತ್ತಾರೆ. ಇಲ್ಲಿ ಕೇಳುವ ಅಗತ್ಯವೂ ಬೀಳಲಿಲ್ಲ. ಸುಕೇಜಿ ವಿಧವೆಯ ಜಾಗದಲ್ಲಿ ಕೂತದ್ದು ಕಾಣುತ್ತಿತ್ತು. ಅಂತೂ ಪಿತಿಯಾನ ಸುದ್ದಿ ಬಂತು ಎಂದುಕೊಂಡರು.

ಪಿತಿಯಾನ ಸೋದರತ್ತೆ ಪೋನಿ ಶಿಬಿರದ ದೂರದ ವಲಯದಿಂದ ಏದುಸಿರು ಬಿಡುತ್ತಾ ಬಂದು ಸುಕೇಜಿಯನ್ನು ತಬ್ಬಿಕೊಂಡಳು. "ಬಂತೇನೇ ಸುದ್ದಿ, ನನ್ನ ತಾಯಿ, ಬಂತಾ" ಎಂದು ಗೋಳಿಟ್ಟಳು. ಸುಕೇಜಿ ಅವಳ ಹೆಗಲಿಗೆ ಮುಖವಿಟ್ಟು ಇನ್ನೂ ಜೋರಾಗಿ ಅತ್ತಳು.

ಅಷ್ಟರಲ್ಲಿ ಹಳ್ಳದ ಕಡೆಯಿಂದ, ಕೋಲೂರಿಕೊಂಡು, ತಲೆಯ ಮೇಲೆ ಹಿಟ್ಟಿನ ಬೋಗುಣಿ ಹೊತ್ತು ಜೊಕುದು ಬಂದಳು. ಡೋಲು ಅವಳಿಗೂ ಕೇಳಿಸಿತ್ತು. ಯಾರದೋ ಮನೆ ಮುಳುಗಿತು ಎಂದು ಡಬ್ಬಿಯ ತಳ ಕೆರೆದು ಹಿಟ್ಟು ತಂದಿದ್ದಳು. ಜನ ಎದ್ದು ದಾರಿ ಬಿಟ್ಟರು. ಇಬ್ಬರು ಹೆಂಗಸರು ಓಡಿಬಂದು ಅವಳ ತೋಳು ಹಿಡಿದುಕೊಂಡರು. ಅವಳು ಕೊಡವಿಕೊಂಡಳು. ಡೋಲು ನಿಂತಿತು.

"ಯಾರು ಹೋದ್ರು?" ಎಂದು ಕೇಳಿದಳು ಮುದುಕಿ.

ಆಗಲೇ ಅವಳ ಕಣ್ಣು ಸೊಸೆಯ ಬರಿದಲೆಯ ಮೇಲೆ ಬಿತ್ತು.

ಸುಕೇಜಿ ಎದ್ದು ನಿಂತಳು. "ಯಾರೂ ಹೋಗಿಲ್ಲ ಅತ್ತೆ. ಇದು ಸಿನಿಮಾ. ನಾನೇ ಕೂರ್ತೀನಿ ಅಂದಿದ್ದು. ಕಿದೆನ್‌ನ ಬೈಬೇಡಿ."

ಜನರಲ್ಲಿ ಗುಸುಗುಸು ಎದ್ದಿತು. ಕೋಳಿ ತಂದವನು, ನಾವು ಬಿಸಿಲಲ್ಲಿ ಓಡಿಬಂದಿದ್ದು ಸಿನಿಮಾಕ್ಕಾ ಎಂದು ಸಿಟ್ಟಾದ. ನಂಬೋಜೊ ಅಳುವ ದನಿಯಲ್ಲಿ ಎಲ್ಲರ ಕ್ಷಮೆ ಕೇಳಿದಳು. ಲೊಮೊರೊ ತಪ್ಪು ನನ್ನದು, ನನ್ನ ಕೈಯದು ಎಂದ. ಆದರೆ ಎದ್ದು ಹೋಗುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಸಾವಿಗೆಂದು ಹೊತ್ತು ತಂದ ಹಿಟ್ಟನ್ನು ಮತ್ತೆ ಮನೆಗೆ ಹೊತ್ತೊಯ್ಯುವ ಎದೆ ಅವರಲ್ಲಿ ಯಾರಿಗೂ ಇರಲಿಲ್ಲ. ಹಿಟ್ಟು ಅಂಗಳದ ಚಾಪೆಯ ಮೇಲೆ ರಾಶಿಯಾಗಿ ಬಿದ್ದಿತ್ತು.

"ಸಿನಿಮಾದಲ್ಲಿ ಅವನು ಬಂದ" ಎಂದಳು ಜೊಕುದು, ಸೊಸೆಗೆ ಮಾತ್ರ ಹೇಳುವ ಹಾಗೆ. "ನಾನು ಬೈದೆ. ಊಟ ಇಟ್ಟೆ."

"ಅದೂ ಸಿನಿಮಾನೇ ಅತ್ತೆ."

"ಗೊತ್ತು ಕಣೇ. ದೂಕು ಎಡಗೈಲಿ ತಿಂತಾನೆ. ನನ್ನ ಮಗ ಎಡಗೈಲಿ ತಿಂತಿರ್ಲಿಲ್ಲ."

ಪೋನಿ ಮುಂದೆ ಬಂದಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. "ಜೊಕುದು, ನಾವೆಲ್ಲ ಈ ಡೋಲಿಗೇ ಕಾಯ್ತಿದ್ವಿ. ನಿನ್ನ ಬಾಯಿಂದ ಬರ್ಲಿ ಅಂತ ಇಷ್ಟು ವರ್ಷ ಸುಮ್ನಿದ್ವಿ. ಅವನು ನನ್ನ ತಮ್ಮನ ಮಗ, ನಂಗೂ ಹೊಟ್ಟೆ ಉರಿಯುತ್ತೆ. ಈಗ ಎದ್ದು ಹೋಗಿ ಅಂತಿಯಾ, ಹೋಗ್ತೀವಿ. ಹಿಟ್ಟು ಇಲ್ಲೇ ಇರುತ್ತೆ."

ಜೊಕುದು ಹಿಟ್ಟಿನ ರಾಶಿ ನೋಡಿದಳು, ಸೌದೆ ನೋಡಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲ ಊರಿನವರೇ, ಪಿತಿಯಾ ನಡೆಯಲು ಕಲಿತದ್ದನ್ನು ನೋಡಿದವರೇ. ಆಮೇಲೆ ಒಲೆಯ ಹತ್ತಿರ ಹೋಗಿ, ಕೋಲಿನ ತುದಿಯಿಂದ ಪಾತ್ರೆಯ ಮುಚ್ಚಳ ಸರಿಸಿದಳು. ಒಳಗೆ ನೀರು ಕುದಿಯುತ್ತಿತ್ತು.

"ಇದೇನಿದು?"

"ಸಿನಿಮಾಕ್ಕೆ ಅಜ್ಜಿ" ಎಂದಳು ಕಿದೆನ್ ಅಳುತ್ತಾ. "ಆವಿ ಕಂಡ್ರೆ ಸಾಕಿತ್ತು."

"ಇಷ್ಟು ಜನ ಬಂದು ಕೂತಿದ್ದಾರೆ. ನನ್ನ ಮಗನ ಹೆಸರಲ್ಲಿ ಬರೀ ನೀರು ಕುದಿಸ್ತಿದ್ದೀರಾ?"

ಆ ಮಾತು ಎಲ್ಲರಿಗೂ ಕೇಳಿಸಿತು. ಬೇಲಿಯ ಹತ್ತಿರ ನಿಂತಿದ್ದ ಗಂಡಸರು ಹಾಕಿಕೊಂಡಿದ್ದ ಟೋಪಿಯನ್ನು ಮತ್ತೆ ತೆಗೆದರು. ಜೊಕುದು ತಲೆಯ ಮೇಲಿನ ಬೋಗುಣಿ ಇಳಿಸಿ, ತಾನು ತಂದ ಹಿಟ್ಟನ್ನೂ ಆ ರಾಶಿಯ ಮೇಲೆ ಸುರಿದಳು. ಯಾರದೋ ಸಾವಿಗೆಂದು ತಂದದ್ದನ್ನು ತನ್ನ ಮಗನಿಗೇ ಸುರಿದು, ಬೋಗುಣಿಯ ತಳ ತಟ್ಟಿದಳು. ಪೋನಿಗೆ, ಮುದ್ದೆ ತಿರುವಕ್ಕೆ ಗಟ್ಟಿ ಕೈಯವರನ್ನ ಕರಿ ಎಂದಳು. ಲೊಮೊರೊಗೆ, "ಬಾರಿಸು" ಎಂದಳು. ಕೊನೆಗೆ ಮೊಮ್ಮಗಳ ಕಡೆ ತಿರುಗಿದಳು.

"ಆ ಡಬ್ಬಿ ಮುಚ್ಚು. ಇನ್ಮೇಲಿನದು ನಮ್ಮದು."

ಕಿದೆನ್ ಕ್ಯಾಮೆರಾ ಮುಚ್ಚಿದಳು. ಮುದುಕಿ ಸೊಸೆಯ ಪಕ್ಕದಲ್ಲಿ ಕಾಲು ಚಾಚಿ ಕೂತು, ತನ್ನ ತಲೆವಸ್ತ್ರವನ್ನೂ ಬಿಚ್ಚಿದಳು. ಸುಕೇಜಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆಗ ಅಳು ಬಂತು.

ಮನೆಯ ಮುಂದೆ ಕೆಲವು ದಿನ ಜನ ಬರುತ್ತಾ ಹೋಗುತ್ತಾ ಇದ್ದರು. ನಂಬೋಜೊ ಮತ್ತು ಅವಳ ಜೊತೆಯವರು ನೀರು ಹೊತ್ತರು, ಮಸಿ ಹಿಡಿದ ಪಾತ್ರೆ ತಿಕ್ಕಿದರು. ಅವರು ತಿಕ್ಕಿದ್ದನ್ನು ಜೊಕುದು ಅವರ ಕಣ್ಣು ತಪ್ಪಿಸಿ ಕಿದೆನ್ ಕೈಯಲ್ಲಿ ಮತ್ತೆ ತಿಕ್ಕಿಸಿದಳು. ಅತ್ತೆ, ಸೊಸೆ, ಮಕ್ಕಳು ಎಲ್ಲರೂ ತಲೆ ಬೋಳಿಸಿಕೊಂಡರು. ಅಜ್ಜಿ ಮೊಮ್ಮಗಳು ಇಬ್ಬರ ತಲೆಯೂ ಒಂದೇ ಆಕಾರ ಎಂದು ತೊಂಬೆ ಕಂಡುಹಿಡಿದ. ಭಾನುವಾರ ಪಾದ್ರಿ ಹೆಸರುಗಳ ನಡುವೆ ಪಿತಿಯಾ ಎಂದು ಓದಿದಾಗ ಸುಕೇಜಿ ತಲೆ ತಗ್ಗಿಸಿದಳು. ಕಣ್ಣೊರೆಸಿಕೊಳ್ಳಲು ಅವಳಿಗೆ ಯಾವ ನೆಪವೂ ಬೇಕಾಗಲಿಲ್ಲ.

ವಿದ್ಯಾರ್ಥಿಗಳು ಹೊರಡುವ ಹಿಂದಿನ ಸಂಜೆ ಸಿನಿಮಾ ತೋರಿಸಿದರು. ನಂಬೋಜೊ ಮಿಲಾಯವನ್ನು ಬೆಳ್ಳಗೆ ಒಗೆದಿದ್ದಳು. ಹಕ್ಕಿಗಳ ನಡುವೆ ದೂಕು ಸೈಕಲ್ ತಿರುಗಿಸಿ ಹೋದ. ಮೇಕೆ ಹೊಡೆದುಕೊಂಡು ಕನಸಿನಲ್ಲಿ ಬಂದ, ಬೈಸಿಕೊಂಡ. ಆಮೇಲೆ ಡೋಲು, ಹಿಟ್ಟು ಹೊತ್ತು ಬರುವ ಕಾಲುಗಳು, ಸುರುಳಿಯಾಗಿ ಏಳುವ ಆವಿ, ಮುಚ್ಚಳ ಸರಿಸುವ ಒಂದು ಕೋಲು, ಮುಚ್ಚಳದ ಕೆಳಗೆ ಕುದಿಯುವ ನೀರು. ಅಷ್ಟಕ್ಕೇ ಮುಗಿಯಿತು. ಯಾರಿಗಾದರೂ ಏನಾದರೂ ತೆಗೆಸಬೇಕೇ ಎಂದು ನಂಬೋಜೊ ಕೇಳಿದಳು. ಎಲ್ಲರೂ ಜೊಕುದುವಿನ ಕಡೆ ನೋಡಿದರು.

"ಆ ನೀರು ತೆಗೀರಿ" ಎಂದಳು ಅವಳು. "ಬಂದವರಿಗೆ ನೀರು ಬಡಿಸಿದ್ರು ಅಂತ ನಾಳೆ ಯಾರೂ ಆಡ್ಕೋಬಾರದು."

"ಮತ್ತೆ ಅವನು ಬಂದಿದ್ದು ಅಜ್ಜಿ?" ಎಂದು ಕಿದೆನ್ ಹೆದರುತ್ತಾ ಕೇಳಿದಳು. "ನೀನು ಬೈದಿದ್ದು?"

"ಅದು ಇರ್ಲಿ. ಬೈಯೋದೆಲ್ಲ ಬೈದಾಗಿದೆ. ಅಷ್ಟು ಚೆನ್ನಾಗಿ ಇನ್ನೊಂದು ಸಲ ಬರಲ್ಲ."

ಮನೆಗೆ ಬಂದು ಸುಕೇಜಿ ಅಡುಗೆಗೆ ಇಟ್ಟಳು. ಜನ ತಂದ ಹಿಟ್ಟಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮುದ್ದೆ ತಿರುವಿ, ಅಲಸಂದೆ ಸೊಪ್ಪಿನ ಸಾರಿಗೆ ಕಡಲೆಕಾಯಿ ಅರೆದು ಹಾಕಿದಳು. ಇಷ್ಟು ದಿನ ಊಟ ಹೊರಗೆ, ಜನರ ನಡುವೆ ನಡೆದಿತ್ತು. ಮನೆಯವರಷ್ಟೇ ಒಲೆಯ ಸುತ್ತ ಕೂತದ್ದು ಅಂದೇ ಮೊದಲು. ಜೊಕುದು ತೊಳೆದಿಟ್ಟ ಬಟ್ಟಲುಗಳನ್ನು ತಾನೇ ತಂದು ಸಾಲಾಗಿ ಇಟ್ಟಳು. ನಾಲ್ಕೇ ಇಟ್ಟಳು. ತೊಂಬೆ ನಾಲ್ಕನ್ನೂ ನೋಡಿ ಬಾಯಿ ತೆರೆದ, ಕಿದೆನ್ ಅವನ ತೊಡೆ ಚಿವುಟಿದಳು.

ಸುಕೇಜಿ ಬಡಿಸಿದಳು. ಅತ್ತೆಗೆ, ಮಗಳಿಗೆ, ಮಗನಿಗೆ, ತನಗೆ. ಆರು ವರ್ಷ ಆ ಬಟ್ಟಲನ್ನು ಒಳಗೊಳಗೇ ಬೈದುಕೊಂಡವಳು ಅವಳೇ. ಈಗ ಕೂತ ಜಾಗದಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ, ಬುಟ್ಟಿಯ ತಳದಿಂದ ಐದನೆಯ ಬಟ್ಟಲು ತೆಗೆದು, ತನ್ನ ಮುದ್ದೆಯಿಂದ ಒಂದು ತುಂಡು ಮುರಿದು ಹಾಕಿ, ಸಾರು ಬಿಟ್ಟು, ತಟ್ಟೆಗೆ ಕೈ ಚಾಚಿದಳು.

ಜೊಕುದು ಆ ಕೈ ಹಿಡಿದುಕೊಂಡಳು.

"ಮುಚ್ಚಬೇಡ."

"ಇವತ್ತೊಂದು ದಿನ ಅತ್ತೆ."

"ದಿನಾ ಯಾರ ಬಟ್ಟಲಿಂದ ಮುರೀತಿದ್ದೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನನ್ನ ಸೊಂಟ ಬಾಗಿದೆ, ಕಣ್ಣು ಚೆನ್ನಾಗಿದೆ."

"ಗೊತ್ತಿದ್ರೆ ಯಾಕೆ ಸುಮ್ನಿದ್ರಿ?"

ಮುದುಕಿ ಬೆಂಕಿಯ ಕಡೆ ನೋಡಿದಳು. "ನೀನು ಬೈಕೊಂಡಾದ್ರೂ ಹಾಕ್ತಿದ್ದೆ. ನೀನೂ ನಿಲ್ಲಿಸಿಬಿಟ್ರೆ ಅವನಿಗೆ ಇನ್ಯಾರು ಅಂತ ನಂಗೆ ಭಯ." ಆಮೇಲೆ ಬಟ್ಟಲನ್ನು ಎತ್ತಿ ಸೊಸೆಯ ಮಡಿಲಲ್ಲಿ ಇಟ್ಟಳು. "ಇದು ನಿನ್ನ ಪಾಲು ಕಣೇ. ತಿನ್ನು."

ತೊಂಬೆ ತನ್ನ ಬೆಳಗಿನ ತಿಂಡಿ ಅಮ್ಮನ ಬಾಯಿಗೆ ಹೋಗುವುದನ್ನು ನೋಡಿದ. ಸುಕೇಜಿ ಒಂದೊಂದೇ ತುತ್ತು ತಿಂದಳು. ಆ ಬಟ್ಟಲಿನ ಮುದ್ದೆಯನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಬಿಸಿಯಾಗಿ ತಿಂದಿರಲಿಲ್ಲ.